ನಿಂತವರನ್ನು ದಾಟಿಸದ ಅಂಬಿಗ

ಆನೆಗೊಂದಿಯಲ್ಲಿ ಹೊಳೆ ದಾಟಿಸುತ್ತಿದ್ದ ಅಂಬಿಗನನ್ನು ಅಣಕಿಸುವುದು ನನಗೆ ಸಲೀಸು. ಕುತ್ತಿಗೆ ಓರೆ ಮಾಡಿ, "ಕುಂದರ್ರಿ, ಇಲ್ಲಾ ಇಳೀರಿ" ಎಂದರೆ ಮುಗಿಯಿತು. ಹರಗೋಲಿನಲ್ಲಿ ಯಾರಾದರೂ ನಿಂತರೆ ಅದು ಮಗುಚುತ್ತದೆ. ಒಮ್ಮೆ ಠಾಣೆಯ ಅಧಿಕಾರಿಯಾದ ಪೊಲೀಸ್ ಅಮೀನರೊಬ್ಬರು ತಳದ ನೀರಿಗೆ ಶೇರ್ವಾನಿ ನೆನೆದೀತೆಂದು ಕೂರಲೊಲ್ಲದೆ ನಿಂತೇ ಇದ್ದರು. ಅಂಬಿಗ ಅವರನ್ನು ದಡಕ್ಕಿಳಿಸಿ ಹೋದ. ಅವಮಾನವಾಯಿತೆಂದು ಅಮೀನರು ದಾವೆ ಹಾಕಿದರು.

ಅಂದು ಅದೇ ಹರಗೋಲಿನಲ್ಲಿದ್ದ ನಾನು ಮುನಸೀಫರ ಕಚೇರಿಯಲ್ಲಿ ಸಾಕ್ಷಿ ಹೇಳಲು ನಿಂತರೆ, ಹೆದರಿಕೆಗೆ ಮೇಕೆಯ ದನಿ ಬಂತು. ಮುನಸೀಫರು ಅಂಬಿಗನಿಗೆ, "ತಪ್ಪಾತು ಅನ್ನು. ಇಲ್ಲಾಂದ್ರ ಹರಗೋಲು ನಡಸೋ ಹಕ್ಕ ಹೋಗ್ತದ" ಎಂದರು.

"ಹೋಗ್ಲಿ ಬಿಡ್ರಿ ಸಾಹೇಬ್ರ. ಹತ್ತು ಮಂದೀನ ಮುಳುಗಿಸಲಿಲ್ಲ, ಅದಕ್ಕ ತಪ್ಪಾತು ಅನ್ಲೇನು?"

ಹಕ್ಕು ಹೋಯಿತು. ಮರುದಿನ ಹೊಸ ಅಂಬಿಗನ ಹರಗೋಲಿನಲ್ಲಿ ಅಮೀನರು ನಿಂತರು. ದಡದಲ್ಲಿದ್ದ ನಾವು ಒಬ್ಬರೂ ಹತ್ತಲಿಲ್ಲ. "ಆರಾಮ ನಿಂದರ್ರಿ ಸಾಹೇಬ್ರ, ಜಾಗಾ ಭಾಳ ಐತಿ!" ಎಂದು ಕೂಗಿದೆ.