ಎಕ್ಸ್‌ಪ್ರೆಸ್ಸು ಏರಿಸಿದ ವೇಗ

ಓಣಿಯವರೆಲ್ಲ ಅವನನ್ನು ಎಕ್ಸ್‌ಪ್ರೆಸ್ಸು ಎಂದು ಕರೆಯುತ್ತಿದ್ದರು. ಹೆಸರು ಕೇಳಿ ಯಾರೂ ಮೋಸಹೋಗಬಾರದು. ಚಪ್ಪಲಿ ಮೆಟ್ಟುವ ಮೊದಲು ಎರಡನ್ನೂ ಕೊಡವಿ, ಒಳಗೆ ಹುಳಹುಪ್ಪಟೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೂ ಇನ್ನೊಮ್ಮೆ ಬಗ್ಗಿ ನೋಡುವವನಿಗೆ ಓಣಿ ಪ್ರೀತಿಯಿಂದ ಕೊಟ್ಟ ಬಿರುದು ಅದು. ಅವನು ಓದು ಬಿಟ್ಟದ್ದೂ ಇದೇ ಗುಣದಿಂದ. ಪರೀಕ್ಷೆಯಲ್ಲಿ ಅಂಚು ಬಿಟ್ಟು, ಗೆರೆ ಎಳೆದು, ಮೊದಲ ಪ್ರಶ್ನೆಗೆ ಮುತ್ತು ಪೋಣಿಸಿದಂತೆ ಉತ್ತರ ಬರೆದು ಮುಗಿಸುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಮತ್ತೆ ಕಟ್ಟಿದ ಪರೀಕ್ಷೆಯಲ್ಲಿ ಎರಡನೆಯ ಪ್ರಶ್ನೆಯವರೆಗೆ ತಲುಪಿದ. ಈ ಲೆಕ್ಕದಲ್ಲಿ ಪಾಸಾಗುವಾಗ ತನಗೆ ಮೀಸೆ ಹಣ್ಣಾಗಿರುತ್ತದೆ ಎಂದು ತಾನೇ ಹೇಳಿಕೊಂಡು ನಕ್ಕು, ಮನೆಯಲ್ಲಿ ಉಳಿದ. ತನ್ನನ್ನು ನೋಡಿ ನಗುವುದರಲ್ಲಿ ಮಾತ್ರ ಅವನು ಎಲ್ಲರಿಗಿಂತ ಮುಂದೆ.

ಮನೆಯಲ್ಲಿದ್ದದ್ದು ಅಮ್ಮ, ಅಕ್ಕ, ಅವನು, ಮತ್ತು ಒಂದು ಮುದಿ ಕಂಪ್ಯೂಟರು. ಅಕ್ಕ ಒಬ್ಬ ಬಡಗಿಗೆ ಚಿತ್ರ ಮಾಡಿಕೊಡುತ್ತಿದ್ದಳು. ಹೊಸ ಮನೆ ಕಟ್ಟಿಸುವವರು ಅಡುಗೆಮನೆಯ ಕಪಾಟು ಹೇಗೆ ಕಾಣುತ್ತದೆಂದು ಮೊದಲೇ ನೋಡಲು ಬಯಸುತ್ತಾರೆ. ಅವಳು ಅಳತೆ ಹಾಕಿ, ಮರದ ಬಣ್ಣ ಆರಿಸಿ, ಕಿಟಕಿಯ ಬೆಳಕು ಎಲ್ಲಿ ಬೀಳಬೇಕೆಂದು ಹೇಳಿ ಗುಂಡಿ ಒತ್ತಿದರೆ, ಕಂಪ್ಯೂಟರು ಲೆಕ್ಕ ಹಾಕಿ ಹಾಕಿ ಕೊನೆಗೆ ಫೋಟೊದಂಥ ಚಿತ್ರ ಕೊಡುತ್ತಿತ್ತು. ಇದಕ್ಕೆ ಮನೆಯಲ್ಲಿ ‘ಬೇಯುವುದು’ ಎನ್ನುತ್ತಿದ್ದರು. ಇತ್ತೀಚೆಗೆ ಒಂದು ಚಿತ್ರ ಬೇಯಲು ಬೆಳಗಿನಿಂದ ಊಟದ ಹೊತ್ತಾಗುತ್ತಿತ್ತು.

ಒಂದು ದಿನ ಬಡಗಿ ಬಾಗಿಲಲ್ಲೇ ನಿಂತು ಹೇಳಿದರು. “ನೋಡಮ್ಮಾ, ನಿನ್ನ ಕೈಗುಣದ ಬಗ್ಗೆ ಮಾತಿಲ್ಲ. ಆದ್ರೆ ಗಿರಾಕಿಗಳು ಎದುರಿಗೇ ಬಣ್ಣ ಬದಲಾಯ್ಸಿ ತೋರ್ಸಿ ಅಂತಾರೆ. ಮೇನ್ ರೋಡಿನ ಅಂಗಡಿಯವನು ಕಣ್ಣುಮುಚ್ಚಿ ತೆಗೆಯೋದ್ರಲ್ಲಿ ತೋರಿಸ್ತಾನಂತೆ. ಶನಿವಾರ ಒಬ್ಬ ಮೇಡಂನ ಇಲ್ಲಿಗೇ ಕರ್ಕೊಂಡು ಬರ್ತೀನಿ. ಅವತ್ತೂ ಹೀಗೇ ಆದ್ರೆ, ಬೇಜಾರು ಮಾಡ್ಕೋಬೇಡ, ನಾನು ಅಲ್ಲಿಗೆ ಹೋಗ್ಲೇಬೇಕು.”

ಅವರು ಹೋದ ಮೇಲೆ ಅಕ್ಕ ಮೌಸನ್ನು ಬಟ್ಟೆಯಿಂದ ಒರೆಸುತ್ತ ಕುಳಿತಳು. ಅದು ಮೊದಲೇ ಶುಭ್ರವಾಗಿತ್ತು.

“ನಾನು ವೇಗ ಏರಿಸ್ತೀನಿ ಅಕ್ಕ,” ಎಂದ ಅವನು.

“ನೀನಾ?” ಎಂದಳು ಅಕ್ಕ. ಒಂದೇ ಪದ. ಅದರಲ್ಲಿ ಅವನ ಇಡೀ ಜೀವನಚರಿತ್ರೆ ಇತ್ತು.

ಹಳೆಯ ಪ್ರೊಸೆಸರನ್ನು ಅದರ ಹುಟ್ಟುವೇಗಕ್ಕಿಂತ ಜೋರಾಗಿ ಓಡಿಸಬಹುದೆಂದು ಅವನು ಇಂಟರ್‌ನೆಟ್ಟಿನಲ್ಲಿ ಓದಿದ್ದ. ಒಳ್ಳೆಯ ಮದರ್‌ಬೋರ್ಡಿನಲ್ಲಿ ಅದಕ್ಕೆ ಪುಟಗಟ್ಟಲೆ ಸೆಟ್ಟಿಂಗ್‌ಗಳಿರುತ್ತವೆ. ಇವರದು ಬಡ ಬೋರ್ಡು. ಕಂಪ್ಯೂಟರು ಏಳುವಾಗ ಒಂದು ಗುಂಡಿ ಒತ್ತಿದರೆ ಬರುವ ನೀಲಿ ಪರದೆಯಲ್ಲಿ ಬದಲಾಯಿಸಲು ಸಿಗುವುದು ಒಂದೇ ಒಂದು ಅಂಕಿ. ಅದನ್ನು ಏರಿಸಿದರೆ ಪ್ರೊಸೆಸರಿನ ಜೊತೆ ಮೆಮೊರಿಯೂ ಏದುಸಿರು ಬಿಡುತ್ತ ಓಡಬೇಕು. ಹೆಚ್ಚು ವಿದ್ಯುತ್ ಕೊಟ್ಟು ಸಮಾಧಾನ ಮಾಡೋಣವೆಂದರೆ ಆ ಸಾಲೇ ಇಲ್ಲ.

ಅವನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎಲ್ಲ ಎಚ್ಚರಿಕೆಗಳನ್ನೂ ಓದಿದ. ವೇಗ ಏರಿಸುವ ಮುನ್ನ ಫ್ಯಾನು ಶುಚಿಮಾಡಿ ಎಂದಿತ್ತು. ಡಬ್ಬ ಬಿಚ್ಚಿದ. ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಅಮ್ಮ ಕಿಟಕಿಗೆ ಬಣ್ಣ ಬಳಿದಿದ್ದ ಬ್ರಷ್ಷಿನಿಂದ ಸಂದುಸಂದನ್ನೂ ಕೆರೆದು, ಪ್ರೊಸೆಸರಿನ ಮೇಲೆ ಒಣಗಿದ್ದ, ಬಿಸಿ ಸಾಗಿಸುವ ಪೇಸ್ಟು ಒರೆಸಿ ಹೊಸದು ಹಚ್ಚಿದ. ಇದು ಬರೀ ಪೂರ್ವತಯಾರಿ, ಅಸಲಿ ಸಾಹಸ ಮುಂದಿದೆ ಎಂದುಕೊಂಡ.

ಸಾಹಸ ಮಾಡಿದ. ಅಂಕಿಯನ್ನು ಚೂರುಚೂರೇ ಏರಿಸಿದ. ಚಿತ್ರ ಸರಸರ ಬೇಯತೊಡಗಿತು! ಅಕ್ಕ ಕುರ್ಚಿಯಿಂದ ಎದ್ದೇ ನಿಂತಳು. ಮಧ್ಯಾಹ್ನದ ಹೊತ್ತಿಗೆ ಕಪಾಟಿನ ಮೇಲೆಲ್ಲ ಕೆಂಪು ಹಸಿರು ಚುಕ್ಕೆಗಳು ಎದ್ದವು. ಆಮೇಲೆ ಎಲ್ಲವೂ ಕಲ್ಲಾಗಿ ನಿಂತಿತು.

“ಅಡುಗೆಮನೆಗೆ ಅಮ್ಮ ಬಂದಿದಾಳೆ ಕಣೋ,” ಎಂದಳು ಅಕ್ಕ.

“ಯಾವ ಅಮ್ಮ?”

“ದಡಾರ!”

ಅವನು ಅಂಕಿಯನ್ನು ತುಸು ಇಳಿಸಿದ. ಸಂಜೆ ಮತ್ತೆ ಚುಕ್ಕೆ. ನಾಳೆ ನೋಡೋಣವೆಂದು ಬಿಟ್ಟ. ಮಲಗುವ ಮುನ್ನ ಅಮ್ಮ ಎಂದಿನಂತೆ ಮನೆಯ ಗೋಡೆಯಲ್ಲಿದ್ದ ಸ್ವಿಚ್ಚುಗಳನ್ನೆಲ್ಲ ಒಂದೂ ಬಿಡದೆ ಆರಿಸಿದಳು.

ಬೆಳಗ್ಗೆ ಕಂಪ್ಯೂಟರು ಹಚ್ಚಿದಾಗ ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಎರಡು ಸಾಲು ಬಂದು ನಿಂತವು. ಅವು ವರ್ಷಗಳಿಂದ ದಿನಾ ಬರುತ್ತಿದ್ದವು. ಎಫ್-ಒನ್ ಒತ್ತಿದರೆ ಮುಂದೆ ಹೋಗುತ್ತಿತ್ತು. ದಿನಾಂಕ ಯಾವುದೋ ಓಬಿರಾಯನ ಕಾಲದ್ದಾಗಿರುತ್ತಿತ್ತು, ಅವನು ಶ್ರದ್ಧೆಯಿಂದ ತಿದ್ದುತ್ತಿದ್ದ. ಅಂದೂ ತಿದ್ದಿದ. ಅಂದು ಚುಕ್ಕೆ ಏಳಲಿಲ್ಲ, ಎಲ್ಲೂ ನಿಲ್ಲಲಿಲ್ಲ, ವೇಗ ಮಾತ್ರ ಹಾಗೇ ಇತ್ತು. ಮರುದಿನವೂ ಅಷ್ಟೇ.

“ಪಳಗಿದೆ ಅಕ್ಕ,” ಎಂದ ಅವನು. “ಮೊದಲ ದಿನ ಹೊಸ ವೇಗ ಅಲ್ವಾ, ಒದ್ದಾಡ್ತು. ಈಗ ಒಗ್ಗಿದೆ.”

ಈ ಸಿದ್ಧಾಂತವನ್ನು ಅವನು ಓಣಿಯ ಕಟಿಂಗ್ ಶಾಪಿನಲ್ಲೂ ಮಂಡಿಸಿದ. ಮುಖಕ್ಕೆ ಸೋಪು ಹಚ್ಚಿಸಿಕೊಂಡು ಅಲ್ಲಾಡಲಾಗದೆ ಕುಳಿತಿದ್ದ ಗಿರಾಕಿ ಪೂರ್ತಿ ಕೇಳಿದ.

ಶನಿವಾರ ಬಡಗಿಯ ಜೊತೆ ಮೇಡಂ ಬಂದರು. ಅಕ್ಕ ತೇಗದ ಬಣ್ಣದ ಕಪಾಟು ತೋರಿಸಿದಳು. ಮೇಡಂ ಬಿಳಿ ಕೇಳಿದರು. ಅಮ್ಮ ಒಲೆಯ ಮೇಲಿಟ್ಟ ಟೀ ನೀರು ಕುದಿಯುವಷ್ಟರಲ್ಲಿ, ತೋರಿಸಲೆಂದು ಚಿಕ್ಕದಾಗಿ ಮಾಡಿದ ಬಿಳಿ ಚಿತ್ರ ಬೆಂದು ಬಂತು. ಬಡಗಿಯ ಹುಬ್ಬು ಮೇಲೇರಿತು.

“ಏನಯ್ಯಾ ಎಕ್ಸ್‌ಪ್ರೆಸ್ಸು, ನಿನ್ನ ಕೈಚಳಕವಂತೆ? ಪರವಾಗಿಲ್ವೇ! ಇನ್ನೂ ಬೇಗ ಆಗುತ್ತಾ?”

ಅಪರಿಚಿತರ ಮುಂದೆ ಅವನ ಬಾಯಿಗೆ ಬೀಗ. ಅಂದು ಬೀಗ ತಾನಾಗಿ ಕಳಚಿತು. “ಆಗುತ್ತೆ,” ಎಂದುಬಿಟ್ಟ. “ಇನ್ನೊಂದು ಚೂರು ಏರಿಸ್ತೀನಿ.”

ಅಕ್ಕ ಕಣ್ಣಲ್ಲೇ ಬೇಡವೆಂದಳು. ಅವನು ಆಗಲೇ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ನೀಲಿ ಪರದೆಗೆ ಹೋಗಿದ್ದ.

ಅಂಕಿ ಅಲ್ಲಿತ್ತು. ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ ಇತ್ತು.

ಬೇರೆ ಸಾಲು ನೋಡುತ್ತಿದ್ದೇನೇನೋ ಎಂದುಕೊಂಡ. ಇದ್ದದ್ದೇ ಒಂದು ಸಾಲು. ಆಮೇಲೆ ಒಂದೊಂದೇ ಸಂಗತಿ, ಅವನದೇ ವೇಗದಲ್ಲಿ, ತಲೆಗೆ ಬಂದು ಸೇರಿತು. ಬೋರ್ಡಿನ ಮೇಲೊಂದು ನಾಣ್ಯದಂಥ ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗ ಬೋರ್ಡಿನ ನೆನಪು ಉಳಿಯುವುದು ಅದರಿಂದ. ಅದು ಯಾವತ್ತೋ ಸತ್ತಿದೆ. ರಾತ್ರಿ ಅಮ್ಮ ಗೋಡೆಯ ಸ್ವಿಚ್ಚು ಆರಿಸಿದರೆ ದಿನಾಂಕದ ಜೊತೆ ಅವನ ಸಾಹಸವೂ ಅಳಿಸಿಹೋಗುತ್ತದೆ. ದಿನಾ ಬರುತ್ತಿದ್ದ ಆ ಎರಡು ಸಾಲು ಹೇಳುತ್ತಿದ್ದದ್ದೇ ಇದನ್ನು: ಎಲ್ಲ ಮರೆತಿದ್ದೇನೆ, ಹಳೆಯದಕ್ಕೇ ಮರಳಲೇ? ದಿನಾ ಅವನೇ, ಸ್ವಂತ ಬೆರಳಿನಿಂದ, ಹೂಂ ಎಂದು ಒತ್ತುತ್ತಿದ್ದ. ಜಗತ್ತಿನ ಎಚ್ಚರಿಕೆಗಳನ್ನೆಲ್ಲ ಓದಿದ ಜಾಗ್ರತೆಯ ಮನುಷ್ಯ, ಕಣ್ಣೆದುರಿನ ಎರಡು ಸಾಲು ಓದಿರಲಿಲ್ಲ.

ಬೆರಳು ಪ್ಲಸ್ ಗುಂಡಿಯ ಮೇಲೆ ನಿಂತಿತು. ಈಗ ಏರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮಾನ ಉಳಿಯುತ್ತದೆ. ಆದರೆ ಮೇಡಂನ ಬಿಳಿ ಕಪಾಟಿಗೆ ದಡಾರ ಏಳುತ್ತದೆ, ಅಕ್ಕನ ಕೆಲಸ ಮೇನ್ ರೋಡಿಗೆ ಹೋಗುತ್ತದೆ.

“ಏನಯ್ಯಾ, ಕೈ ಕೊಡ್ತಾ?” ಎಂದರು ಬಡಗಿ.

ಅವನು ಬೆರಳು ತೆಗೆದ. ಕಿವಿ ಬಿಸಿಯಾಗಿತ್ತು. “ಇಲ್ಲ. ನಾನು ಏರಿಸಿರೋದು ಇಲ್ಲಿ ಇಲ್ವೇ ಇಲ್ಲ. ನಾನೇನೂ ಮಾಡಿಲ್ಲ.”

“ಮತ್ತೆ ಹಿಂಗೆ ಓಡ್ತಿರೋದು ಹೆಂಗೆ?”

“ಧೂಳು ತೆಗೆದಿದ್ದೆ. ಮೊದಲು ಬಿಸಿ ತಡೀಲಾರದೆ ತಾನೇ ನಿಧಾನ ಆಗ್ತಿತ್ತು. ಈಗ ತಣ್ಣಗಿದೆ. ಇಷ್ಟೇ ಇದರ ವೇಗ. ಇನ್ನೂ ಏರಿಸಿದ್ರೆ ಚುಕ್ಕೆ ಬರುತ್ತೆ. ಬೇಡ.”

ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿದಳು. “ಅಂದ್ರೆ ಕಸ ಹೊಡೆದಿದ್ದಾ? ಅದಕ್ಕೆ ವಾರವೆಲ್ಲಾ ಇಷ್ಟು ಭಾಷಣವಾ? ನಾನು ದಿನಾ ಇಡೀ ಮನೇದು ಹೊಡೀತೀನಪ್ಪಾ, ಒಬ್ರೂ ಕೇಳಲ್ಲ!”

ಮೇಡಂ ಮೊದಲು ನಕ್ಕರು. ಆಮೇಲೆ ಅಕ್ಕ, ತಲೆಯನ್ನು ಮೇಜಿಗೆ ಒರಗಿಸಿ. ಕೊನೆಗೆ, ಎಂದಿನಂತೆ ತಡವಾಗಿ, ಅವನು.

ಅವನು ಏನನ್ನೂ ಮುಟ್ಟದೆ ನೀಲಿ ಪರದೆಯಿಂದ ಹೊರಬಂದ. ಅಕ್ಕ ಮೂರನೆಯ ಬಣ್ಣಕ್ಕೆ ಕೈ ಹಾಕಿದಳು. ಬೂದು ಕಪಾಟು, ಒಂದೂ ಚುಕ್ಕೆಯಿಲ್ಲದೆ, ಟೀ ಆರುವ ಮೊದಲೇ ಬೆಂದು ಬಂತು. ಮೇಡಂ, “ಇದೇ ಇರ್ಲಿ,” ಎಂದರು.

ಹೊರಡುವಾಗ ಬಡಗಿ ಅಕ್ಕನಿಗೆ ಮುಂದಿನ ಮನೆಯ ಅಳತೆ ಕೊಟ್ಟರು. ಮೆಟ್ಟಿಲಿಳಿದವರು ತಿರುಗಿ ನೋಡಿದರು. “ನಮ್ಮ ಗರಗಸದ ಮೋಟ್ರೂ ಹೊಟ್ಟು ತುಂಬ್ಕೊಂಡು ಮುಲುಗುತ್ತೆ ಕಣಯ್ಯಾ. ಸೋಮವಾರ ಬೆಳಗ್ಗೆ ಬಂದು ನೋಡು. ಏನೂ ಏರಿಸ್ಬೇಡ, ಬ್ರಷ್ಷು ಮಾತ್ರ ತಾ.”

ಸೋಮವಾರ ಅವನು ಬೆಳಗ್ಗೆಯೇ ಹೊರಟ. ಬ್ರಷ್ಷಿನ ಕೂದಲು ಪರೀಕ್ಷಿಸಿ, ಚಪ್ಪಲಿ ಕೊಡವಿ, ದಾರಿಯಲ್ಲಿ ಹೊಸ ಬ್ಯಾಟರಿ ಕೊಂಡು ಅದರ ಪೊಟ್ಟಣದ ಮೇಲಿನ ಅಕ್ಷರಗಳನ್ನು ಒಂದೂ ಬಿಡದೆ ಓದಿ ಮುಗಿಸಿ ಕಾರ್ಖಾನೆ ತಲುಪಿದಾಗ ಬಡಗಿ ಊಟ ಮುಗಿಸಿ ಕೈ ತೊಳೆಯುತ್ತಿದ್ದರು.

“ಬಂದ್ಯಾ ಎಕ್ಸ್‌ಪ್ರೆಸ್ಸು,” ಎಂದರು.