ಶುಕ್ರವಾರದ ಹಿಟ್ಟು

ಬಿ.ಎ. ಇಂಗ್ಲಿಷ್ ಪೇಪರು ಮೂರನೆಯ ಸಲವೂ ನನ್ನನ್ನು ಬೇಡವೆಂದ ಮೇಲೆ, ಕುಷ್ಟಗಿಯಲ್ಲಿ ದಾದೇಸಾಬರ ಹಿಟ್ಟಿನ ಗಿರಣಿಗೆ ಸೇರಿದೆ. ಒಂದೆರಡು ತಿಂಗಳ ಮಟ್ಟಿಗೆ ಎಂದು ಮನೆಯಲ್ಲಿ ಹೇಳಿದ್ದೆ. ಆರು ವರ್ಷವಾಯಿತು. ಸಂಜೆ ಹೊರಗೆ ಬಂದರೆ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಒಮ್ಮೆ ಹಿಟ್ನಾಳಕ್ಕೆ ಹೆಣ್ಣು ನೋಡಲು ಹೋಗಿದ್ದಾಗ, ಎರಡು ಸಲ ಜಳಕ ಮಾಡಿದ್ದರೂ ಕಿವಿಯೊಳಗೆ ಉಳಿದಿದ್ದ ಹಿಟ್ಟು ಹುಡುಗಿಯ ಅಜ್ಜಿಯ ಕಣ್ಣಿಗೆ ಬಿತ್ತು. “ವರನ್ನ ಒಮ್ಮಿ ಜರಡಿ ಹಿಡದು ಕರಕೊಂಡು ಬರ್ರಿ” ಎಂದಳು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ನನಗೆ ಬರುವ ವಿದ್ಯೆ ಒಂದೇ, ಬಡಿಯುವುದು. ಗಿರಣಿಯ ಬಾಯಿಗೆ ಮೊಳದುದ್ದದ ಬಟ್ಟೆಯ ತೋಳೊಂದನ್ನು ಕಟ್ಟಿರುತ್ತೇವೆ. ಹಿಟ್ಟು ಅದರೊಳಗಿಂದ ಇಳಿದು ಡಬ್ಬಿಗೆ ಬೀಳುತ್ತದೆ. ಬೀಸಿ ಮುಗಿದರೂ ತೋಳಿನ ಮಡಿಕೆಗಳಲ್ಲಿ ಒಂದಿಷ್ಟು ಉಳಿದಿರುತ್ತದಲ್ಲ, ಅದನ್ನು ಅಂಗೈಯಿಂದ ಬಡಿದು ಉದುರಿಸಿ ಕೊಡಬೇಕು. ಬಡಿಯದವನನ್ನು ನಮ್ಮ ಕಡೆ ಕಳ್ಳ ಎನ್ನುತ್ತಾರೆ. ಎಲ್ಲರೂ ಎರಡು ಸಲ ಬಡಿದರೆ ನಾನು ಏಳೆಂಟು ಸಲ ಬಡಿಯುತ್ತಿದ್ದೆ.

“ಇನ್ನೊಂದೀಟು ಬಡಿಯೋ ತಿರುಪತಿ, ಗಿರಣಿ ಏನ್ ನಿಮ್ಮಪ್ಪಂದೇನು?” ಎನ್ನುತ್ತಿದ್ದಳು ಸಾಲಿನಲ್ಲಿ ಸದಾ ಮುಂದಿರುವ ಫಕೀರಮ್ಮ.

“ಅಲ್ಲಬೇ, ದಾದೇಸಾಬ್ರಂದು. ಅದಕ್ಕ ಹಿಂಗ ಬಡಿಯಾಕತ್ತೀನಿ.”

ಇಡೀ ಓಣಿಯಲ್ಲಿ ನನ್ನ ಅಂಗೈಗೆ ಒಳ್ಳೆಯ ಹೆಸರಿತ್ತು. ಉಳಿದ ಮೈಗೆ ಇರಲಿಲ್ಲ.

ಅನುಸೂಯಕ್ಕ ಅದೇ ಓಣಿಯವಳು. ಯಲಬುರ್ಗಾ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು, ಅಂಗನವಾಡಿಯಲ್ಲಿ ಸಹಾಯಕಿ. ಗಂಡ ಶರಣಬಸವ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅವಳೂ ಅತ್ತೆ ಹಂಪವ್ವನೂ ಇಬ್ಬರೇ. ಎರಡು ಸಲ ಬಸುರು ನಿಂತಿತ್ತು, ಎರಡು ಸಲವೂ ಉಳಿಯಲಿಲ್ಲ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೊಟ್ಟೆ ಉಬ್ಬರಿಸುವುದು, ಭೇದಿ, ತಲೆಸುತ್ತು. ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟರು, ಜಂತುಹುಳ ಎಂದು ಔಷಧ ಕುಡಿಸಿದರು, ಕೊನೆಗೆ ಯಾರದೋ ದೃಷ್ಟಿ ಎಂದು ದಾರ ಕಟ್ಟಿದರು. ಎರಡು ಸಾವಿರದ ಹದಿನಾರರ ಪಂಚಮಿಗೆ ಬಳೆ ಇಡಿಸಿಕೊಳ್ಳಲು ಕುಳಿತಾಗ, ಬಳೆ ಮಾರುವ ನಸೀಮಾಬಿ ಅವಳ ಮುಂಗೈ ಹಿಡಿದು ನೋಡಿ, ಶಾಲೆಗೆ ಹೋಗುವ ಹುಡುಗಿಯರ ಅಳತೆಯ ಗೊಂಚಲು ಬಿಚ್ಚಿದಳಂತೆ.

ಆ ವರ್ಷವೇ ಶರಣಬಸವ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದ. ಅಲ್ಲಿ ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡಿ, ಸೀಲಿಯಾಕ್ ಎಂದರು. ಗೋಧಿಯೊಳಗಿನ ಜಿಗಿ, ಅಂದರೆ ಹಿಟ್ಟನ್ನು ಹಿಡಿದಿಡುವ ಅಂಟು, ಇವಳ ಕರುಳಿಗೆ ವಿಷ. ಚಪಾತಿ, ರವೆ, ಶ್ಯಾವಿಗೆ, ಬಿಸ್ಕೀಟು ಯಾವುದನ್ನೂ ಮುಟ್ಟಕೂಡದು, ಅದೇ ಔಷಧ. ಅನುಸೂಯಕ್ಕ ನಗುನಗುತ್ತಾ ಗಿರಣಿಗೆ ಬಂದಳು.

“ನಾವು ಜ್ವಾಳ ತಿನ್ನೋ ಮಂದಿ ತಮ್ಮಾ. ಗೋಧಿ ಬಿಡಾಕ ಅಷ್ಟು ದೂರ ಹೋಗಬೇಕಿತ್ತೇನು? ಇನ್ನ ಬರೇ ರೊಟ್ಟಿ. ಛಲೋತ್ನಾಗ ಬಡಿ.”

ಬಡಿದೆ. ಅವತ್ತಿನಿಂದ ಅವಳ ಡಬ್ಬಿ ಬಂದರೆ ಹತ್ತು, ಹನ್ನೆರಡು ಏಟು. ಜಡ್ಡಿನವಳು, ಒಂದು ಹಿಡಿ ಹೆಚ್ಚಿಗೆ ಹೋಗಲಿ ಎಂದು.

ಹತ್ತು ತಿಂಗಳಾದರೂ ಅವಳು ಏಳಲಿಲ್ಲ. ಅಂಗನವಾಡಿಯ ಕೊಡ ಎತ್ತಲು ಆಗುತ್ತಿರಲಿಲ್ಲ. ಔಷಧವೇನೋ ನಡೆದಿದೆ, ಜಡ್ಡು ಹೋಗಿಲ್ಲ ಎಂದ ಮೇಲೆ ಊರಿಗೆ ಉಳಿದ ಅರ್ಥ ಒಂದೇ. ಹಂಪವ್ವ ಗೋಧಿ ಹಿಟ್ಟಿನ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಿರಣಿಯ ಸಾಲಿನಲ್ಲಿ ಫಕೀರಮ್ಮ ಬಾಯಿಬಿಟ್ಟೇ ಕೇಳಿದಳು:

“ಅಲ್ಲವಾ ಅನುಸೂಯಾ, ಡಾಕ್ಟರ ಮುಂದ ಜ್ವಾಳ, ಒಲಿ ಮುಂದ ಚಪಾತಿ ಏನು?”

ಹೆಂಗಸರು ನಕ್ಕರು. ನಾನು ಸುಮ್ಮನಿರಬಹುದಿತ್ತು. ಹಾಳಾದ ಬಾಯಿ. “ಯಕ್ಕಾ, ಕದ್ದು ತಿನ್ನೂದಾದ್ರ ನನಗೂ ಒಂದು ಹೋಳಿಗಿ ಕಟಗೊಂಡು ಬಾ” ಎಂದೆ. ಇನ್ನೂ ಜೋರಾಗಿ ನಕ್ಕರು. ಅವಳೂ ನಕ್ಕಳು. ಆದರೆ ಡಬ್ಬಿಯ ಮುಚ್ಚಳ ಒತ್ತಿ ಕೂರಿಸಲು ಅವಳ ಕೈಯಿಂದ ಆಗಲಿಲ್ಲ. ನಾನೇ ಒತ್ತಿದೆ.

ಹುಬ್ಬಳ್ಳಿಗೆ ಎರಡನೆಯ ಸಲ ಹೋಗಿ ಬಂದ ಮರುದಿನ, ಗಿರಣಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಬಂದಳು. ಡಬ್ಬಿ ತಂದಿರಲಿಲ್ಲ.

“ತಮ್ಮಾ, ಹಿಟ್ಟು ಎಲ್ಲಿ ಬೀಸಿಸ್ತೀ ಅಂತ ಡಾಕ್ಟರು ಕೇಳಿದ್ರು. ಮೊನ್ನಿ ನಂದು ಬೀಸೂಕಿಂತ ಮೊದ್ಲ ಏನ್ ಬೀಸಿದ್ದಿ?”

“ಗೋಧಿ. ಫಕೀರಮ್ಮಂದು.”

“ಇದ ಕಲ್ಲಿನಾಗ?”

“ಇರೂದ ಇದೊಂದು ಕಲ್ಲು. ಆ ಕಡೀದು ಖಾರದ್ದು.”

“ಅಕಿ ಹಿಟ್ಟೆಲ್ಲಾ ಹೊರಗ ಬಂದಿರತೈತಿ?”

“ಎಲ್ಲಾ ಹ್ಯಾಂಗ ಬರತೈತಿ ಯಕ್ಕಾ? ಕಲ್ಲಿನಾಗ ಒಂದೀಟು, ತೋಳಿನಾಗ ಒಂದೀಟು ಇದ್ದ ಇರತೈತಿ. ಅದಕ್ಕ ಅಲ್ಲೇನು ಬಡಿ…”

ತೋಳು ಹಿಡಿದು ಒಮ್ಮೆ ಮೆಲ್ಲಗೆ ತಟ್ಟಿದೆ. ಕೆಳಗಿನ ತಗಡಿನಲ್ಲಿದ್ದ ಜೋಳದ ಬೂದು ಹಿಟ್ಟಿನ ಮೇಲೆ ಗೋಧಿಯ ನಸುಗೆಂಪು ಹಿಟ್ಟು ಉದುರಿತು. ಹತ್ತು ತಿಂಗಳು, ವಾರಕ್ಕೆರಡು ಸಲ, ಸಲಕ್ಕೆ ಹನ್ನೆರಡು ಏಟು. ಇಷ್ಟೊಂದು ನಿಷ್ಠೆಯಿಂದ ನಾನು ಇಂಗ್ಲಿಷ್ ಓದಿದ್ದರೆ ಪಾಸಾಗುತ್ತಿದ್ದೆ.

ಅವಳು ಬೈಯುತ್ತಾಳೆಂದು ಕಾದೆ. ಅವಳ ಮುಖ ಅರಳಿತ್ತು.

“ಹಂಗಾರ ನಾ ಏನೂ ಕದ್ದು ತಿಂದಿಲ್ಲ ಹೌದಿಲ್ಲೋ? ಇದ ಮಾತು ನಮ್ಮತ್ತಿ ಮುಂದ ಬಂದು ಹೇಳ್ತೀಯೇನು?”

ಹೋಗಿ ಹೇಳಿದೆ. ಹಂಪವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿ, “ಇಡೀ ಊರು ತಿಂತೈತಿ ನಿನ್ನ ಗಿರಣಿ ಹಿಟ್ಟು. ಯಾರಿಗೂ ಏನೂ ಆಗಿಲ್ಲ, ಈಕಿ ಒಬ್ಬಾಕಿಗೆ ಆತೇನು? ಹೋಗೋ ಹೋಗು, ಮೈಮ್ಯಾಲಿನ ಹಿಟ್ಟು ಝಾಡಿಸ್ಕೋ ಹೋಗು” ಎಂದಳು.

ಅನ್ನ ಉಂಡುಕೊಂಡು ಇರಬಹುದು ಎಂದು ಡಾಕ್ಟರು ಹೇಳಿದ್ದರು. ಶರಣಬಸವನ ದೆಸೆಯಿಂದ ಮನೆಯಲ್ಲಿ ಅಕ್ಕಿಗೆ ಕೊರತೆಯೂ ಇರಲಿಲ್ಲ. ಅನುಸೂಯಕ್ಕ ಒಂದು ತಿಂಗಳು ಉಂಡಳು. ಆದರೆ ರೊಟ್ಟಿಯಿಲ್ಲದ್ದನ್ನು ನಮ್ಮಲ್ಲಿ ಊಟ ಎನ್ನುವುದಿಲ್ಲ. “ಉಂಡು ಕೈ ತೊಳಕೊಂಡ ಮ್ಯಾಲೂ ಯಾರೋ ಊಟಕ್ಕ ಕರೀತಾರಂತ ಕುಂತಿರ್ತೀನಿ” ಎಂದಳು. ದಾದೇಸಾಬರಿಗೆ ವಿಷಯ ಮುಟ್ಟಿಸಿದೆ.

“ಶುಕ್ರವಾರ ಸೂಟಿ ಐತಲ್ಲೋ. ಕಲ್ಲು ಎತ್ತಿ ಟಾಕಿ ಹಾಕ್ತೀಯಲ್ಲ, ಅವತ್ತ ಎಲ್ಲಾ ಸ್ವಚ್ಛ ಮಾಡಿ ಮೊದ್ಲು ಆ ಹೆಣ್ಮಗಳದು ಬೀಸಿಬಿಡು” ಎಂದರು ಅವರು. ಟಾಕಿ ಎಂದರೆ ಸವೆದ ಗಿರಣಿ ಕಲ್ಲನ್ನು ಉಳಿಯಿಂದ ಕೆತ್ತಿ ಹರಿತ ಮಾಡುವುದು.

ಹೀಗೆ ಶುಕ್ರವಾರದ ಹಿಟ್ಟು ಶುರುವಾಯಿತು. ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ, ಟಾಕಿ ಹಾಕಿ, ಅವಳದೇ ಜೋಳ ಎರಡು ಬೊಗಸೆ ಹಾಯಿಸಿ ಅದನ್ನು ದನಕ್ಕೆಂದು ತೆಗೆದಿಟ್ಟು, ಆಮೇಲೆ ಬೀಸುತ್ತಿದ್ದೆ. ಅವಳಿಗೆಂದೇ ಬೇರೆ ತೋಳು ಹೊಲಿಸಿದ್ದೆ. ಹಿಟ್ನಾಳಕ್ಕೆ ಹಾಕಿಕೊಂಡು ಹೋಗಿದ್ದ ಬಿಳಿ ಅಂಗಿ ಬಿಚ್ಚಿ ಹೊಲಿಸಿದ್ದು. ಅದರಿಂದ ಬೇರೆ ಯಾವ ಕೆಲಸವೂ ಆಗುವ ಹಾಗಿರಲಿಲ್ಲ.

ಎರಡು ಸಾವಿರದ ಹದಿನೆಂಟರ ಪಂಚಮಿಗೆ ನಸೀಮಾಬಿ ಒಂದು ಅಳತೆ ದೊಡ್ಡ ಬಳೆ ತೆಗೆದಳು. ಅನುಸೂಯಕ್ಕ ಕೈ ಮೇಲೆತ್ತಿಕೊಂಡೇ ಗಿರಣಿಗೆ ಬಂದು ತೋರಿಸಿದಳು. ಹಂಪವ್ವ ಆ ದಿನವೇ ಟ್ರಂಕಿನ ಕೀಲಿ ತೆಗೆದಳು. ಸೊಸೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿ, “ಇನ್ನ ನೀ ಬರೇ ಉಣ್ಣು, ನಾ ಬಡೀತೀನಿ ರೊಟ್ಟಿ” ಎಂದಳಂತೆ. ಕೇಳಿ ನಾನು ಎರಡು ದಿನ ಶಿಳ್ಳೆ ಹಾಕಿಕೊಂಡು ಓಡಾಡಿದೆ.

ದೀಪಾವಳಿಯ ಹೊತ್ತಿಗೆ ಬಳೆಗಳು ಮತ್ತೆ ಮೊಣಕೈವರೆಗೆ ಜಾರಿದವು. ನಾನು ಕಲ್ಲು ನೋಡಿದೆ, ತೋಳು ನೋಡಿದೆ. ಜೋಳವನ್ನು ತಗಡಿನ ಮೇಲೆ ಹರಡಿ ಕಾಳು ಕಾಳು ಆರಿಸಿದೆ. ಏನೂ ಸಿಗಲಿಲ್ಲ. ಹುಬ್ಬಳ್ಳಿಯಲ್ಲಿ ಮತ್ತೆ ನಳಿಗೆ ಇಳಿಸಿದರು. ಕರುಳಿನ ಒಳಮೈ ಸವೆದು ನುಣ್ಣಗಾಗಿದೆ, ಈಗ ಅದರಲ್ಲೊಂದು ಗಂಟೂ ಬೆಳೆದಿದೆ ಎಂದರು. ನುಣ್ಣಗಾದ ಕಲ್ಲಿಗೆ ಏನು ಮಾಡಬೇಕೆಂದು ನನಗೆ ಗೊತ್ತು. ಕರುಳಿಗೆ ಟಾಕಿ ಹಾಕುವವರು ಅಲ್ಲಿಯೂ ಇರಲಿಲ್ಲ.

ಮರು ಶುಕ್ರವಾರ ಡಬ್ಬಿ ಹೊತ್ತುಕೊಂಡು ಹಂಪವ್ವನೇ ಬಂದಳು. ಬೀಸಿ ಮುಗಿಯುವವರೆಗೂ ನಿಂತೇ ಇದ್ದಳು.

“ತಿರುಪತಿ, ಒಂದು ಹಿಡಿ ಹಾಕಿದ್ರ ತಾಗತೈತೇನೋ?”

“ಏನಬೇ?”

“ಗೋಧಿ ಹಿಟ್ಟು. ನಿನ್ನ ಶುಕ್ರವಾರದ ಹಿಟ್ಟಿಗೆ ಜಿಗಿನ ಇರಂಗಿಲ್ಲ. ಬಡಿಯಾಕ ಹೋದ್ರ ಅಂಚು ಹರೀತಿತ್ತು, ಹಂಚಿನ ಮ್ಯಾಲ ಹಾಕಿದ್ರ ಮುರೀತಿತ್ತು. ಜಡ್ಡಿನಾಕಿ ಚೂರು ಆರಿಸ್ಕೊಂತ ತಿಂತಿದ್ಲು. ನೋಡಾಕ ಆಗ್ಲಿಲ್ಲೋ. ನಾದೂಮುಂದ ಒಂದ ಹಿಡಿ… ಅದು ಚಪಾತಿ ಅಲ್ಲಲ್ಲ, ಜ್ವಾಳದ ರೊಟ್ಟಿನ ಅಲ್ಲಾ?”

ಹೊಸದಾಗಿ ಟಾಕಿ ಹಾಕಿದ ಕಲ್ಲು ತರಿ ತರಿಯಾಗಿ ಬೀಸುತ್ತದೆ. ಆ ಹಿಟ್ಟು ಕೂಡಿಕೊಳ್ಳುವುದಿಲ್ಲ. ಹರಿಯುವ ರೊಟ್ಟಿಗೆ ಒಂದು ಹಿಡಿ ಗೋಧಿ ಬೆರೆಸುವುದು ನಮ್ಮ ಓಣಿಯ ಹೆಂಗಸರೆಲ್ಲ ಮಾಡುವ ಕೆಲಸ. ಅದು ಆ ಮನೆಯಲ್ಲೂ ನಡೆದೀತೆಂದು ನನಗೆ ಹೊಳೆದಿರಲಿಲ್ಲ. ನನಗೆ ಸುಳ್ಳು ಹೇಳಲು ಚೆನ್ನಾಗಿ ಬರುತ್ತದೆ. ಆ ದಿನ ಬರಲಿಲ್ಲ.

“ತಾಗತೈತಬೇ” ಎಂದೆ.

ಅವಳು ಜೋಳದ ಚೀಲದ ಮೇಲೆ ಕುಳಿತುಬಿಟ್ಟಳು. ನಾನು ಪಕ್ಕದಲ್ಲಿ ಕುಳಿತೆ. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಉಣಿಸಿದೆವೋ ಗೊತ್ತಿಲ್ಲ.

ಅತ್ತೆ ಎಲ್ಲವನ್ನೂ ಸೊಸೆಯ ಮುಂದೆ ಹೇಳಿಕೊಂಡಿದ್ದಳು. ನೋಡಲು ಹೋದಾಗ ಅನುಸೂಯಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಕ್ಷಮೆ ಕೇಳಲು ಹೋದವನು ಬಿಸಿಲಿನ ಬಗ್ಗೆ ಏನೋ ಮಾತಾಡಿದೆ.

“ರೊಟ್ಟಿ ಮಾತ್ರ ಭಾಳ ಛಲೋ ಆಗಿದ್ವು ತಮ್ಮಾ” ಎಂದಳು ಅವಳು, ಅತ್ತೆಗೂ ಕೇಳುವ ಹಾಗೆ.

ಮುಂದಿನ ಯುಗಾದಿಗೆ ಅವಳಿರಲಿಲ್ಲ.

ದಿನಕರ್ಮ ಎಲ್ಲ ಮುಗಿದು ಎರಡು ವಾರವಾದ ಮೇಲೆ, ಒಂದು ಸೋಮವಾರ ಹಂಪವ್ವ ಜೋಳದ ಡಬ್ಬಿಯೊಂದಿಗೆ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ಫಕೀರಮ್ಮನ ಗೋಧಿ ಇತ್ತು.

“ಶುಕ್ರವಾರ ಬರಬೇಕಿತ್ತಬೇ” ಎಂದೆ.

“ಇನ್ನ ಯಾರ ಸಲುವಾಗಿ ಶುಕ್ರವಾರ?”

ಗೋಧಿ ಮುಗಿಯಿತು. ಅದರ ಬೆನ್ನಿಗೇ ಅವಳ ಜೋಳ ಸುರಿದೆ. ಬೀಸಿ ಮುಗಿದ ಮೇಲೆ ನನ್ನ ಅಂಗೈ ತೋಳಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ಹಂಪವ್ವ ಅದನ್ನೇ ನೋಡುತ್ತಿದ್ದಳು.

“ಬಡಿಯೋ” ಎಂದಳು. “ನಮಗೇನಾಗತೈತಿ.”

ಬಡಿದೆ.