ಬರೀ ಔಷಧಿಯ ಗುಂಪು

ಹೋದ ವಾರ ನಮ್ಮೂರು ಮಧುಗಿರಿಗೆ ಹೋಗಿದ್ದಾಗ ಸೋಪು ತರಲೆಂದು ಬೀದಿಯ ಅಂಗಡಿಗೆ ಹೋದೆ. ಶಾಂಪೂ ಪೊಟ್ಟಣಗಳ ಪಕ್ಕದಲ್ಲೇ ಇಲಿ ಮದ್ದಿನ ಪೊಟ್ಟಣಗಳನ್ನೂ ಸಾಲಾಗಿ ನೇತುಹಾಕಿದ್ದರು. ನೋಡಿ ನಗು ಬಂತು. ಅಂಗಡಿಯವನು ಯಾಕಕ್ಕಾ ಎಂದ. ಏನೆಂದು ಹೇಳಲಿ... ಪಕ್ಕದ ಮನೆಯ ಮಾವ ನೆನಪಾಗಿದ್ದರು.

ಮಾವ ಎಂದರೆ ನೆಂಟಸ್ತಿಕೆಯೇನಿಲ್ಲ, ಗೋಡೆಗೆ ಗೋಡೆ ಸೇರಿದ ಮನೆ ಅಷ್ಟೆ. ಅವರದು ಕಡಲೆಕಾಯಿ ಮಂಡಿ. ದೊಡ್ಡೇರಿ, ಪಾವಗಡದ ಕಡೆಯಿಂದ ಬಂದ ಮೂಟೆಗಳನ್ನು ಸೂರಿನವರೆಗೂ ಪೇರಿಸಿರುತ್ತಿದ್ದರು. ಇಲಿಗಳಿಗೆ ವರ್ಷವಿಡೀ ಸುಗ್ಗಿ. ನಾನು ಬೆಂಗಳೂರಿನ ಪ್ರಯೋಗಾಲಯ ಸೇರಿದ ಹೊಸತರಲ್ಲಿ ಅಲ್ಲೇನು ಕೆಲಸ ಎಂದು ಕೇಳಿದರು. ಸುಲಭವಾಗಿ ಹೇಳೋಣವೆಂದು, ಇಲಿಗಳಿಗೆ ಮದ್ದು ಕೊಡುವುದು ಎಂದುಬಿಟ್ಟೆ. ನಮ್ಮೂರಿನಲ್ಲಿ ಇಲಿಗೆ ಮದ್ದು ಎಂದರೆ ಒಂದೇ ಅರ್ಥ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: “ನಮ್ ಹುಡ್ಗಿ ಇಲಿ ಪಾಷಾಣದ ಫ್ಯಾಕ್ಟ್ರೀಲವ್ಳೆ ಕಣ್ರಪ್ಪ!” ನಾನು ಹೊರಡುವಾಗ ಬಾಗಿಲಿಗೆ ಬಂದು, “ಬರೋವಾಗ ನಮ್ಗೂ ಒಂದೀಟು ತತ್ತಾರವ್ವ, ಮೂಟೇನೆಲ್ಲ ತೂತು ಮಾಡ್ಬುಟ್ಟವೆ” ಎಂದರು. ನಾವು ಕೊಡುವುದು ಇಲಿ ಸಾಯಲೆಂದಲ್ಲ, ವಾಸಿಯಾಗಲೆಂದು ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಂಥ ಕೆಲಸಕ್ಕೆ ಸಂಬಳವನ್ನೂ ಕೊಡುತ್ತಾರೆಂದು ಅವರಿಗೆ ಬಹಳ ದಿನ ನಂಬಿಕೆಯಾಗಲಿಲ್ಲ.

ಆಮೇಲೆ ಮಾವನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಕ್ಯಾನ್ಸರ್. ತುಮಕೂರಿನಲ್ಲಿ ಕೀಮೋ ಶುರುವಾಯಿತು. ಊರಿಗೆ ಬಂದಾಗ ನೋಡಲು ಹೋದೆ; ಆಳು ಅರ್ಧವಾಗಿದ್ದರು. ಈ ಸಲ ನನ್ನ ಕೆಲಸವೇನೆಂದು ಸರಿಯಾಗಿ ಕೇಳಿದರು. ಗಡ್ಡೆಯೊಳಕ್ಕೆ ಕೀಮೋ ಔಷಧಿ ಸಲೀಸಾಗಿ ಇಳಿಯುವುದಿಲ್ಲ, ಪೆಪ್ಟೈಡ್ ಎಂಬ ಪ್ರೋಟೀನಿನ ಸಣ್ಣ ತುಂಡನ್ನು ಜೊತೆಗೆ ಕೊಟ್ಟರೆ ಹೆಚ್ಚು ಇಳಿಯುತ್ತದೆಯೇ ಎಂದು ಗಡ್ಡೆಯಿರುವ ಇಲಿಗಳಲ್ಲಿ ನೋಡುತ್ತಿದ್ದೇವೆ ಎಂದೆ.

“ಮೂಟೆ ಒತ್ತೊತ್ತಾಗಿ ಪೇರ್ಸಿದ್ರೆ ಒಳಗಿನ್ ಮೂಟೆಗೆ ಗಾಳಿ ಆಡಲ್ವಲ್ಲ, ಅಂಗೆ ಅನ್ನು” ಎಂದರು.

ಹೆಚ್ಚುಕಡಿಮೆ ಹಾಗೆಯೇ ಎಂದೆ. ಒಂದು ಗುಂಪಿನ ಇಲಿಗಳಿಗೆ ಔಷಧಿಯ ಜೊತೆ ಪೆಪ್ಟೈಡ್, ಇನ್ನೊಂದು ಗುಂಪಿಗೆ ಬರೀ ಔಷಧಿ, ಎರಡನ್ನೂ ಹೋಲಿಸಿ ನೋಡುತ್ತೇವೆ ಎಂದೂ ಹೇಳಿದೆ.

“ಅದುನ್ನ ನಂಗೆ ಹಾಕ್ಸಕಾಗಲ್ವೇನವ್ವ?”

ಆಗುವುದಿಲ್ಲ ಮಾವ ಎಂದೆ. ಮನುಷ್ಯರಿಗೆ ಕೊಡುವ ಮೊದಲು ಇನ್ನೂ ಎಷ್ಟೋ ಪರೀಕ್ಷೆಗಳಾಗಬೇಕು, ಕೈಗೆ ಸಿಗುತ್ತದೆಂದು ತಂದು ಚುಚ್ಚುವಂಥದ್ದಲ್ಲ. ಎಲ್ಲವೂ ನಿಜವೇ. ಆದರೂ ಅದನ್ನು ಹೇಳುವಾಗ ನನ್ನ ಕೆಲಸದ ಮೇಲೆಯೇ ನನಗೆ ಸಿಟ್ಟು ಬಂತು.

“ಅಂಗಾರೆ ನಾನು ಬರೀ ಔಸ್ದಿ ಗುಂಪು. ಆ ಗುಂಪಿನ್ ಇಲಿಗಳು ಏನಾದ್ವು?”

ಅವರ ಹೆಂಡತಿ, ನಮಗೆಲ್ಲ ಅತ್ತೆ, ಬಾಗಿಲಲ್ಲಿ ನಿಂತು ಕಣ್ಣಲ್ಲೇ ಹೇಳಬೇಡವೆನ್ನುತ್ತಿದ್ದರು. ಆದರೆ ಚಿಕ್ಕಂದಿನಿಂದಲೂ ನನ್ನ ಸುಳ್ಳು ಮಾವನ ಹತ್ತಿರ ನಡೆದದ್ದಿಲ್ಲ.

“ಗಡ್ಡೆ ಅಷ್ಟಾಗಿ ಕರಗ್ಲಿಲ್ಲ ಮಾವ. ಆದ್ರೆ ನೀವು ಇಲಿ ಅಲ್ವಲ್ಲ” ಎಂದೆ.

ಅವರು ನಕ್ಕರು. “ಇರ್ಲಿ ಬುಡು. ಆ ಗುಂಪು ಇಲ್ದಿದ್ರೆ ನಿಮ್ದು ಕೆಲ್ಸ ಮಾಡ್ತದೆ ಅಂತ ಹೆಂಗವ್ವ ಗೊತ್ತಾಗದು?”

ಯುಗಾದಿಗೆ ಮೊದಲೇ ಹೋಗಿಬಿಟ್ಟರು. ನನಗೆ ಸುದ್ದಿ ತಲುಪಿದಾಗ ಪ್ರಯೋಗಾಲಯದಲ್ಲೇ ಇದ್ದೆ... ಕೈಗವಸು ಬಿಚ್ಚಿ ಅತ್ತುಬಿಟ್ಟೆ.

ಆ ಪೆಪ್ಟೈಡ್ ಇನ್ನೂ ಇಲಿಗಳನ್ನು ದಾಟಿ ಮನುಷ್ಯರವರೆಗೆ ಬಂದಿಲ್ಲ. ಇಲಿಗಳಲ್ಲಿ ಫಲಿತಾಂಶ ಚೆನ್ನಾಗಿದೆ, ಸಭೆಗಳಲ್ಲಿ ಗ್ರಾಫ್ ತೋರಿಸುತ್ತೇನೆ. ಗಡ್ಡೆಯ ಗಾತ್ರ ಹೇಳುವ ಎರಡು ಗೆರೆಗಳು. ಪೆಪ್ಟೈಡ್ ಕೊಟ್ಟ ಗುಂಪಿನ ಗೆರೆ ಇಳಿಯುತ್ತ ಹೋಗುತ್ತದೆ; ಎಲ್ಲರೂ ಅದನ್ನೇ ನೋಡಿ ತಲೆದೂಗುತ್ತಾರೆ. ನಾನು ಮಾತ್ರ ಇನ್ನೊಂದನ್ನು ನೋಡುತ್ತಿರುತ್ತೇನೆ. ಮಾವ ಇರುವುದು ಅದರಲ್ಲಿ.